ದುಡ್ಡು ಬೇಡದ ಬಿಂಗೊ

ಕಂಪ್ಯೂಟರಿನಲ್ಲಿ ಬಿಂಗೊ ಆಡುತ್ತಾ ಕೂತವರನ್ನು ಕಂಡರೆ ನಮ್ಮ ಕಡೆ ಹಿರಿಯರಿಗೆ ಮೊದಲು ನೆನಪಾಗುವುದು ಓಸಿ. ನಂಬರಿನ ಆಟ ಅಂದ ಕೂಡಲೇ ಮುಖ ಗಂಟು ಹಾಕುತ್ತಾರೆ. ಅವರದೇನೂ ತಪ್ಪಿಲ್ಲ. ಮುಂಬೈಯಲ್ಲಿ ಹತ್ತಿ ದರದ ಓಪನ್, ಕ್ಲೋಸ್ ಮೇಲೆ ಶುರುವಾದ ಆ ಮಟ್ಕಾ ಜೂಜು ನಮ್ಮ ಭಾಗದ ಎಷ್ಟೋ ಮನೆಗಳ ಪಗಾರ ನುಂಗಿದೆ. ಆದರೆ ದುಡ್ಡನ್ನು ಹತ್ತಿರ ಬಿಟ್ಟುಕೊಳ್ಳದಿದ್ದರೆ ಬಿಂಗೊದಷ್ಟು ಹಗುರಾದ ಆಟ ಇನ್ನೊಂದಿಲ್ಲ. ಇದನ್ನು ನಾನು ಮನಸಾರೆ ಹೇಳುತ್ತಿದ್ದೇನೆ.

ನನ್ನದು ಗದಗಿನ ಒಂದು ಪ್ರೆಸ್ಸಿನಲ್ಲಿ ಡಿಟಿಪಿ ಕೆಲಸ. ಲಗ್ನದ ಸೀಜನ್ನಿನಲ್ಲಿ ಊಟಕ್ಕೂ ಪುರುಸೊತ್ತಿರುವುದಿಲ್ಲ. ಒಂದೊಂದು ಲಗ್ನಪತ್ರಿಕೆಯಲ್ಲಿ ಕಾಕಾ, ಮಾಮಾ, ದೊಡ್ಡಪ್ಪಂದಿರ ಹೆಸರೇ ಅರ್ಧ ಪುಟ. ಒಂದು ಇನಿಷಿಯಲ್ ಹೋದರೂ ಜಗಳ. ಆಷಾಢ ಬಂತೆಂದರೆ ಎಲ್ಲ ತಣ್ಣಗಾಗುತ್ತದೆ. ಗಿರಾಕಿ ಪ್ರೂಫ್ ನೋಡಿ ವಾಪಸ್ ತರುವ ತನಕ ಸುಮ್ನೆ ಕೂತಿರಬೇಕು. ಆಗ ಬಿಂಗೊ ತೆಗೆಯುತ್ತೇನೆ.

ನಾನು ಆಡುವುದು ಶಾಲೆಯ ಹಿಂದಿನ ಬೆಂಚಿನಲ್ಲಿ ನಾವೆಲ್ಲ ಆಡಿದ್ದೇ. ಐದು ಅಡ್ಡ, ಐದು ಉದ್ದ, 25 ಮನೆ. 1ರಿಂದ 25ರವರೆಗೆ ಬೇಕಾದ ಹಾಗೆ ತುಂಬಿಕೊಳ್ಳುವುದು. ಸರದಿ ಪ್ರಕಾರ ನಂಬರ್ ಕೂಗುವುದು, ಇಬ್ಬರೂ ಹೊಡೆಯುವುದು. ಮೊದಲು ಐದು ಸಾಲು ಮುಗಿಸಿದವರು ಗೆದ್ದ ಹಾಗೆ. ಈಗ ಎದುರಿಗೆ ಕಂಪ್ಯೂಟರ್ ಇರುತ್ತದೆ, ಅಷ್ಟೇ.

ಇದನ್ನು ಬರೀ ಅದೃಷ್ಟ ಅನ್ನುವವರು ಇನ್ನೊಮ್ಮೆ ನೋಡಬೇಕು. ಅಡ್ಡ, ಉದ್ದ, ಮೂಲೆಯಿಂದ ಮೂಲೆಗೆ ಎಲ್ಲ ಸೇರಿ ಸಾಲು 12. ನಟ್ಟನಡುವಿನ ಮನೆ ಒಂದೇ 4 ಸಾಲಿಗೆ ಬರುತ್ತದೆ. ಮೂಲೆಯಿಂದ ಮೂಲೆಗೆ ಹೋಗುವ ಉಳಿದ 8 ಮನೆ ಮೂರು ಮೂರು ಸಾಲಿಗೆ. ಬಾಕಿ 16 ಮನೆ ಎರಡೆರಡೇ ಸಾಲಿಗೆ. ಅದಕ್ಕೇ ನನ್ನ ಮೊದಲ ಕೂಗು ನಡುವಿನದು. ಆಮೇಲೆ ಯಾವ ಸಾಲು ತುಂಬಲು ಹತ್ತಿರ ಇದೆ ಅಂತ ನೋಡುತ್ತಾ ಹೋಗುವುದು. ಮೊನ್ನೆ ನನ್ನದು ನಾಲ್ಕು ಸಾಲು ಆಗಿತ್ತು, ಐದನೆಯದಕ್ಕೆ 17 ಒಂದೇ ಬಾಕಿ. ಸರದಿ ಕಂಪ್ಯೂಟರಿನದು. ಅದೇ 17 ಕೂಗಿಬಿಟ್ಟಿತು! ಒಬ್ಬನೇ ಕೂತಿದ್ದರೂ ಜೋರಾಗಿ ಕೈ ತಟ್ಟಿದೆ. ಎಷ್ಟು ಖುಷಿ ಅಂತೀರಿ.

ನನಗೆ ಸಿಟ್ಟು ಬರುವುದು ಫೋನಿನಲ್ಲಿ ಈಗ ಸಿಗುವ ಥಳಕಿನ ಬಿಂಗೊಗಳ ಮೇಲೆ. ಮೊದಮೊದಲು ಗೆಲ್ಲಿಸುತ್ತವೆ. ಆಮೇಲೆ ಕಾಯಿನ್ ಖಾಲಿ. ಒಂದು ತಾಸು ಕಾಯಿ, ಇಲ್ಲ ಅಂದರೆ ದುಡ್ಡು ಕಟ್ಟು ಅನ್ನುತ್ತವೆ. ದುಡ್ಡು ಕೊಟ್ಟರೆ ಕೂಗದೇ ಇರುವ ನಂಬರೂ ನಿಮ್ಮ ಚೀಟಿಯಲ್ಲಿ ಹೊಡೆದುಕೊಳ್ಳುತ್ತದೆ. ಇದು ಎಂಥ ಆಟ? ಕೂಗಿದ ನಂಬರ್ ಎಲ್ಲರಿಗೂ ಒಂದೇ ಅನ್ನುವುದೇ ಬಿಂಗೊದ ಜೀವ. ನಮ್ಮ ಅವ್ವ ಆಡುವ ಚೌಕಾಬಾರಕ್ಕೂ ಅದೇ 25 ಮನೆ. ಅಲ್ಲಿ ಕಾಸು ಕೊಟ್ಟು ಅಷ್ಟಾ ಬೀಳಿಸಿಕೊಳ್ಳಲು ಬರುತ್ತದೆಯೇ?

ಜಾಸ್ತಿ ಚೀಟಿ ಕೊಳ್ಳಿ ಅಂತ ಈ ಫೋನಿನ ಬಿಂಗೊದವರು ಬೆನ್ನು ಹತ್ತುವುದಕ್ಕೂ ಲೆಕ್ಕ ಇದೆ. ಹೌಸಿಯನ್ನೇ ತಗೊಳ್ಳಿ. 90 ನಂಬರ್, ಒಂದು ಟಿಕೆಟ್ಟಿನಲ್ಲಿ 15. ಆ ಒಂದೇ ಟಿಕೆಟ್ ಹಿಡಿದು ಕೂತರೆ ಫುಲ್ ಹೌಸ್ ಆಗಲು, ಅಂದರೆ 15ಕ್ಕೆ 15 ಹೊಡೆಯಲು, ಸರಾಸರಿ 85 ನಂಬರ್ ಕೂಗಬೇಕು. ಮಂದಿ ಜಾಸ್ತಿ ಇದ್ದಾಗ ಯಾರದೋ ಒಬ್ಬರದು ಅದಕ್ಕಿಂತ ಬೇಗ ಆಗುತ್ತದೆ, ಆ ಒಬ್ಬರು ನಾವೇ ಆಗಬಹುದು ಅನ್ನುವ ಆಸೆ ಹುಟ್ಟುತ್ತದೆ. ಆ ಆಸೆಯನ್ನೇ ಅವರು ಮಾರುವುದು.

ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾಯ್ದೆ ತಂದು ನಿಷೇಧಿಸಿತು. ಒಳ್ಳೆಯದಾಯಿತು. ಆದರೆ ಗೆದ್ದರೂ ಒಂದು ಪೈಸೆ ವಾಪಸ್ ಬಾರದ, ಬರೀ ಕಾಯಿನ್ ಮಾರುವ ಆಟಗಳಿಂದ ನಮ್ಮನ್ನು ನಾವೇ ಕಾಯ್ದುಕೊಳ್ಳಬೇಕು.

ಹೊತ್ತು ಕಳೆಯುವುದೇ ತಪ್ಪು ಅನ್ನುವವರ ಮಾತು ನಾನು ಒಪ್ಪುವುದಿಲ್ಲ. ದಿನವಿಡೀ ಒತ್ತಕ್ಷರ ತಿದ್ದಿ ಕಣ್ಣು ಸೋತಾಗ ಹತ್ತು ನಿಮಿಷ ಏನೂ ಕೇಳದ ಆಟ ಬೇಕೇ ಬೇಕು. ಮನೆಯಲ್ಲಿ ಮಕ್ಕಳು ಬಿಂಗೊ ಕೇಳಿದರೆ ನೆಟ್ ಆಫ್ ಇದ್ದರೂ ನಡೆಯುವಂಥದ್ದನ್ನು ಹಾಕಿಕೊಡಿ. ಕಂಪ್ಯೂಟರೇ ಬೇಡ ಅಂದರೆ ನಮ್ಮ ಪ್ರೆಸ್ಸಿಗೆ ಬನ್ನಿ. ಕಟಿಂಗ್ ಆದ ಮೇಲೆ ಉಳಿಯುವ ಕಾಗದದ ತುಂಡುಗಳನ್ನು ಕಟ್ಟುಗಟ್ಟಲೆ ಪುಕ್ಕಟೆ ಕೊಡುತ್ತೇನೆ. ಪೆನ್ನು ಮಾತ್ರ ನೀವೇ ತರಬೇಕು.