ಕೆಲಸಕ್ಕೂ ಸೈ, ಆಟಕ್ಕೂ ಸೈ, ಗೋಡೆಗೂ ಸೈ

ಪೇಪರಿನ ಮೊದಲ ಪುಟದಿಂದ ಸುದ್ದಿ ಕಾಣೆಯಾದರೆ ಹಬ್ಬದ ಸೇಲ್ ಶುರುವಾಗಿದೆ ಎಂದು ಅರ್ಥ. ಈ ಸಲ ಆ ಜಾಗದಲ್ಲಿ ಒಂದು ಮಾನಿಟರ್ ಬಂದು ಕೂತಿತ್ತು. ನೀವೂ ನೋಡಿರುತ್ತೀರಿ. ಆಫೀಸ್ ಕೆಲಸಕ್ಕೂ ಅದೇ, ಗೇಮಿಂಗಿಗೂ ಅದೇ, ಸಿನಿಮಾಕ್ಕೂ ಅದೇ. ಅಳತೆ 68.58 ಸೆಂಟಿಮೀಟರ್. ಕಾನೂನಿಗೆ ಸೆಂಟಿಮೀಟರ್ ಬೇಕು, ಗಿರಾಕಿಗೆ ಇಂಚು ಬೇಕು. ಅಂಗಡಿಯಲ್ಲಿ ನಾವು ಕೇಳುವುದು "27 ಇಂಚು ತೋರ್ಸಿ" ಎಂದೇ. ಇರಲಿ. ಇಡೀ ಜಾಹೀರಾತಿನಲ್ಲಿ ಸ್ಕೇಲ್ ಹಿಡಿದು ನೋಡಬಹುದಾದ ಅಂಕಿ ಇದೊಂದೇ.

ಇಂಚಿನ ವಿಷಯದಲ್ಲಿ ನಮ್ಮ ಸರ್ಕಾರವೂ ಕಡಿಮೆ ಇರಲಿಲ್ಲ. 2019ರ ಜನವರಿಯಿಂದ 32 ಇಂಚಿನವರೆಗಿನ ಮಾನಿಟರಿಗೆ ಜಿಎಸ್‌ಟಿ ಶೇ. 18, ಅದನ್ನು ದಾಟಿದರೆ ಶೇ. 28. ಅಂದರೆ 32ರವರೆಗೆ ನೀವು ಪಾಪದ ಮಧ್ಯಮ ವರ್ಗ, 33ನೇ ಇಂಚಿಗೆ ಕಾಲಿಟ್ಟರೆ ಸಾಹುಕಾರರು. 2025ರ ಸೆಪ್ಟೆಂಬರ್ 22ರಂದು ಈ ಸಾಹುಕಾರಿಕೆ ಹೋಯಿತು. ಈಗ ಎಲ್ಲರಿಗೂ ಶೇ. 18. ಇಷ್ಟು ವರ್ಷ ಆ ಒಂದು ಇಂಚಿನೊಳಗೆ ಅದೆಷ್ಟು ಐಶ್ವರ್ಯ ಅಡಗಿತ್ತೋ!

ಈಗ ಡಬ್ಬಿಯ ಮೇಲಿನ ಮಂತ್ರಗಳಿಗೆ ಬರೋಣ. ಮೊದಲನೆಯದು "1 ಎಂಎಸ್". ಒಂದು ಮಿಲಿಸೆಕೆಂಡ್. ಪಿಕ್ಸೆಲ್ ಒಂದು ಬೂದು ಬಣ್ಣದಿಂದ ಇನ್ನೊಂದು ಬೂದು ಬಣ್ಣಕ್ಕೆ ತಿರುಗಲು ಬೇಕಾದ ಹೊತ್ತು. ಯಾವ ಬೂದಿನಿಂದ ಯಾವ ಬೂದಿಗೆ? ಅದು ಕಂಪನಿಯವರ ಇಷ್ಟ. ಎಲ್ಲಕ್ಕಿಂತ ಬೇಗ ತಿರುಗುವ ಜೋಡಿಯನ್ನು ಹುಡುಕಿ, ಪಿಕ್ಸೆಲ್ ಬೇಗ ತಿರುಗಲೆಂದು ತಳ್ಳುವ ಓವರ್‌ಡ್ರೈವ್ ಎಂಬ ಸೆಟ್ಟಿಂಗನ್ನು ತುತ್ತತುದಿಗೆ ಏರಿಸಿ ಅಳೆಯುತ್ತಾರೆ. ಅದೇ ಸೆಟ್ಟಿಂಗಿನಲ್ಲಿ ಆಟ ಆಡಿ ನೋಡಿ, ಓಡುವ ಪ್ರತಿಯೊಬ್ಬನ ಬೆನ್ನಿಗೂ ಒಂದೊಂದು ಬಿಳಿ ದೆವ್ವ ಅಂಟಿಕೊಂಡಿರುತ್ತದೆ. ಕೆಲವು ಡಬ್ಬಿಗಳಲ್ಲಿ 1 ಎಂಎಸ್ ಪಕ್ಕ ಸಣ್ಣದಾಗಿ "ಎಂಪಿಆರ್‌ಟಿ" ಎಂದಿರುತ್ತದೆ. ಅದು ಬೇರೆಯೇ ಲೆಕ್ಕ. ಪರದೆಯ ಹಿಂದಿನ ದೀಪವನ್ನು ಪಟಪಟ ಆರಿಸಿ ಹೊತ್ತಿಸಿ ಗಿಟ್ಟಿಸಿದ ವೇಗ. ದೀಪ ಹಾಗೆ ಮಿಟುಕಿದರೆ ಪರದೆಯೂ ಮಬ್ಬಾಗುತ್ತದೆ. ಅದೇ ಡಬ್ಬಿಯನ್ನು ಸ್ವಲ್ಪ ತಿರುಗಿಸಿ. "ಫ್ಲಿಕರ್ ಫ್ರೀ, ಕಣ್ಣಿಗೆ ಹಿತ." ಎರಡೂ ನಿಜವೇ. ಒಂದೇ ಹೊತ್ತಿಗೆ ಎರಡೂ ಸಿಗುತ್ತದೆ ಎಂದು ಅವರು ಎಲ್ಲೂ ಹೇಳಿಲ್ಲವಲ್ಲ!

"178 ಡಿಗ್ರಿ ನೋಟ" ಎನ್ನುವುದೂ ಇದೆ. ನಡುವಿನಿಂದ ಆ ಕಡೆ 89, ಈ ಕಡೆ 89. ಗೋಡೆಗೆ ಕೆನ್ನೆ ಒತ್ತಿಕೊಂಡು ನಿಂತು ನೋಡಿದರೂ ಚಿತ್ರ ಕಾಣುತ್ತದೆ ಎಂಬ ಭರವಸೆ. ಯಾರು ಹಾಗೆ ನೋಡುತ್ತಾರೋ ಗೊತ್ತಿಲ್ಲ.

ನನಗೆ ತುಂಬಾ ಇಷ್ಟವಾದದ್ದು ಮಾತ್ರ ಕಾಂಟ್ರಾಸ್ಟ್, ಅಂದರೆ ಪರದೆಯ ಬಿಳಿ ಅದರ ಕಪ್ಪಿಗಿಂತ ಎಷ್ಟು ಪಟ್ಟು ಬೆಳಗುತ್ತದೆ ಎಂಬ ಲೆಕ್ಕ. ಹತ್ತು ಕೋಟಿಗೆ ಒಂದು! ಪರದೆಯ ಪ್ಯಾನೆಲಿನಲ್ಲಿ ಐಪಿಎಸ್, ವಿಎ ಎಂಬ ಜಾತಿಗಳಿವೆ. ಮಾಮೂಲಿ ಐಪಿಎಸ್ ಪ್ಯಾನೆಲಿನ ನಿಜವಾದ ಕಾಂಟ್ರಾಸ್ಟ್ ಸುಮಾರು ಸಾವಿರಕ್ಕೆ ಒಂದು. ವಿಎ ಪ್ಯಾನೆಲ್ ಆದರೆ ಮೂರು ಸಾವಿರದ ಆಸುಪಾಸು. ಮಿಕ್ಕಿದ್ದೆಲ್ಲ "ಡೈನಾಮಿಕ್" ಎಂಬ ಪದದ ಪುಣ್ಯ. ಇದು ಹೇಗೆ ಬರುತ್ತದೆ ಎಂದು ತಿಳಿಯಬೇಕಾದರೆ ಒಂದು ಭಾನುವಾರ ಸಂಜೆ ನಮ್ಮ ಮೈಸೂರು ಅರಮನೆ ಮುಂದೆ ನಿಲ್ಲಬೇಕು. ಸುಮಾರು ಒಂದು ಲಕ್ಷ ಬಲ್ಬು, ಹಿಂದೆ ಕಪ್ಪು ಆಕಾಶ. ಬೆಳಕು ಬೆಳಕಾಗಿಯೇ, ಕತ್ತಲೆ ಕತ್ತಲೆಯಾಗಿಯೇ ಒಟ್ಟಿಗೆ ಕಾಣುತ್ತದೆ. ಡಬ್ಬಿಯ ಮೇಲಿನ ಎಚ್‌ಡಿಆರ್ (ಹೈ ಡೈನಾಮಿಕ್ ರೇಂಜ್) ಎಂದರೆ ಆಗಬೇಕಾದದ್ದು ಇಷ್ಟೇ. ಈಗ ಈ ದೀಪಾಲಂಕಾರದ ಟೆಂಡರ್ ಮಾನಿಟರ್ ಕಂಪನಿಗೆ ಸಿಕ್ಕಿತು ಅಂದುಕೊಳ್ಳಿ. ಒಂದು ಲಕ್ಷ ಬಲ್ಬು ಯಾಕೆ ದಂಡ ಎಂದು, ಪರದೆಯ ಅಂಚಿಗೆ ನಾಲ್ಕಾರು ದೀಪ ಹಾಕಿ ಮುಗಿಸುವ ಹಾಗೆಯೇ, ಕಾಂಪೌಂಡಿನ ಅಂಚಿಗೆ ಎಂಟು ಟ್ಯೂಬ್‌ಲೈಟ್ ಹಾಕುತ್ತಾರೆ. ಗೋಪುರದ ತುದಿ ಹೊಳೆಯಬೇಕಾದರೆ ಬೆಳಕು ದೊಡ್ಡಕೆರೆ ಮೈದಾನದವರೆಗೂ ಚೆಲ್ಲುತ್ತದೆ. ಆಕಾಶ ಕಪ್ಪಾಗಬೇಕಾದರೆ ಅರ್ಧ ಅರಮನೆಯೇ ಮಾಯ. ಆಮೇಲೆ ಲೆಕ್ಕ. ಏಳು ಗಂಟೆಗೆ ದೀಪ ಹೊತ್ತಿದಾಗ ಬೆಳಕು ಅಳೆಯುವುದು, ದೀಪ ಆರಿಸಿದ ಮೇಲೆ ಕತ್ತಲೆ ಅಳೆಯುವುದು, ಒಂದರಿಂದ ಇನ್ನೊಂದನ್ನು ಭಾಗಿಸುವುದು. ಹತ್ತು ಕೋಟಿ ಬಂತಲ್ಲ! ಜಂಬೂಸವಾರಿಯ ಆನೆಗಳೂ ಬೆಚ್ಚಬೇಕು.

ಈ ಗೊಂದಲ ಬೇಡವೆಂದು ವೇಸಾ ಎಂಬ ಸಂಸ್ಥೆ 2017ರ ಡಿಸೆಂಬರಿನಲ್ಲಿ ಎಚ್‌ಡಿಆರ್‌ಗೆ ದರ್ಜೆಗಳನ್ನು ಮಾಡಿತು. ಒಳ್ಳೆಯ ಕೆಲಸವೇ. ಆದರೆ ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಿಗೆ 400 ನಿಟ್ಸ್ ಬೆಳಕು ಸಾಕು, ದೀಪವನ್ನು ಭಾಗ ಭಾಗವಾಗಿ ಆರಿಸಬೇಕಿಲ್ಲ ಎಂದುಬಿಟ್ಟಿತು. ಅಷ್ಟೂ ಆಗದವರು "ಎಚ್‌ಡಿಆರ್10 ಸಪೋರ್ಟ್" ಎಂದು ಬರೆದು 250 ನಿಟ್ಸ್‌ನಲ್ಲಿ ಕೈ ತೊಳೆದುಕೊಳ್ಳುತ್ತಾರೆ. ಸಿಗ್ನಲ್ ಬಂದರೆ ಬೇಡ ಅನ್ನಲ್ಲ, ತೋರಿಸುವುದು ಮಾತ್ರ ನಮ್ಮ ಕೈಲಾದಷ್ಟು. ಮಾನಿಟರಿಗೆ ಕೇಬಲ್ ಚುಚ್ಚುವ ಎಚ್‌ಡಿಎಂಐ ಪೋರ್ಟಿನ ಕಥೆ ಇನ್ನೂ ಚೆಂದ. ಅದರ ಲೈಸೆನ್ಸ್ ಕೊಡುವವರೇ 2021ರಲ್ಲಿ 2.0 ಎಂಬ ಆವೃತ್ತಿ ಇನ್ನಿಲ್ಲ, ಎಲ್ಲವೂ 2.1, ಆದರೆ 2.1ರ ಹೊಸ ಸೌಲಭ್ಯಗಳು ಕಡ್ಡಾಯವಲ್ಲ ಎಂದರು. ಹಳೇ ಪೋರ್ಟ್, ಹೊಸ ಹೆಸರು. ಓದದೆಯೂ ಪಾಸು.

ಅಂಗಡಿಗೆ ಹೋದರೆ ಎಲ್ಲ ಮಾನಿಟರಿನಲ್ಲೂ ಒಂದೇ ವಿಡಿಯೊ. ಒಂದು ಗಿಳಿ. ಆಮೇಲೆ ಜೇನುತುಪ್ಪ ನಿಧಾನವಾಗಿ ಸುರಿಯುತ್ತದೆ. ಆಮೇಲೆ ಕಿತ್ತಳೆ ಹಣ್ಣು ಹೋಳಾಗುತ್ತದೆ. ನನಗೆ ಬೇಕಿರುವುದು ಎಕ್ಸೆಲ್. "ಕನ್ನಡದ್ದೊಂದು ಪೇಜ್ ತೆಗೀರಪ್ಪ, ಅಕ್ಷರ ಹೇಗೆ ಕಾಣುತ್ತೆ ನೋಡ್ತೀನಿ" ಎಂದರೆ ಹುಡುಗ ಗಾಬರಿಯಾಗುತ್ತಾನೆ. "ಸಾರ್, ಕಲರ್ ನೋಡಿ ಸಾರ್." ನೋಡಿದೆನಪ್ಪ, ಗಿಳಿ ಹಸಿರಾಗಿದೆ.

ತಮಾಷೆ ಬಿಟ್ಟು ಹೇಳುವುದಾದರೆ, ಕೆಲಸಕ್ಕೆ ಬೇಕಾದ ಲೆಕ್ಕ ಇಲ್ಲೇ ಇರುವುದು. 27 ಇಂಚಿನ ಪರದೆಯಲ್ಲಿ ಬರೀ ಫುಲ್ ಎಚ್‌ಡಿ ಇದ್ದರೆ ಇಂಚಿಗೆ ಸುಮಾರು 82 ಪಿಕ್ಸೆಲ್. 24 ಇಂಚಿನಲ್ಲಾದರೆ 92. ಅದೇ 27ರಲ್ಲಿ ಅದಕ್ಕಿಂತ ಹೆಚ್ಚು ಪಿಕ್ಸೆಲ್ಲಿನ ಕ್ಯೂಎಚ್‌ಡಿ ಇದ್ದರೆ 109. ಇಂಗ್ಲಿಷಿನವರು 82ರಲ್ಲೂ ಬದುಕಿಕೊಳ್ಳುತ್ತಾರೆ. ನಮ್ಮದು ಒತ್ತಕ್ಷರ. ಸ್ವಾತಂತ್ರ್ಯದ ಕೆಳಗಿನ ಒತ್ತುಗಳೆಲ್ಲ ಒಂದೇ ಗುಪ್ಪೆಯಾಗುತ್ತವೆ. ಮಂಡ್ಯದ ಕಚೇರಿಗಳ ಎದುರು ದಿನವಿಡೀ ನುಡಿ ತಂತ್ರಾಂಶದಲ್ಲಿ ಅರ್ಜಿ ಟೈಪ್ ಮಾಡಿಕೊಡುವವರನ್ನು ಕೇಳಿ, ಮಾನಿಟರ್ ಹೇಗಿರಬೇಕು ಎಂದು ಅವರು ಹೇಳುತ್ತಾರೆ. ಅವರನ್ನು ಯಾವ ಕಂಪನಿಯೂ ಕೇಳುವುದಿಲ್ಲ. ಎತ್ತರ ಹೊಂದಿಸುವ ಸ್ಟ್ಯಾಂಡ್ ಕೊಡುವುದಿಲ್ಲ, ಅದಕ್ಕೇ ಎಲ್ಲರ ಮಾನಿಟರ್ ಕೆಳಗೂ ಎ4 ಹಾಳೆಯ ಎರಡು ಬಂಡಲ್. ಸ್ಟ್ಯಾಂಡಿಗೆ ದುಡ್ಡಿಲ್ಲದ ಕಂಪನಿ ಮಾನಿಟರಿನ ಬೆನ್ನಿಗೆ ಬಣ್ಣಬಣ್ಣದ ಆರ್‌ಜಿಬಿ ದೀಪ ಕೊಡುತ್ತದೆ. ಬೆನ್ನಿಗೆ! ನಾವು ಕೂರುವುದು ಮುಂದೆ. ದೀಪ ನೋಡುವುದು ಗೋಡೆ, ಗೋಡೆ ಮೇಲಿನ ಹಲ್ಲಿ.

ರಿವ್ಯೂ ನೋಡಿ ತಗೊಳ್ಳಿ ಎನ್ನುತ್ತೀರಾ? "ಫ್ರೆಂಡ್ಸ್, ಇದನ್ನ ಕಂಪನಿಯವ್ರೇ ಕಳ್ಸಿದ್ದು, ಆದ್ರೆ ಅಭಿಪ್ರಾಯ ನನ್ನದೇ." ಆ ಅಭಿಪ್ರಾಯ ಡಬ್ಬಿಯ ಮೇಲೆ ಅಚ್ಚಾಗಿರುವುದಕ್ಕೆ ಅಕ್ಷರಶಃ ಹೊಂದುವುದು ಕಾಕತಾಳೀಯ. ಆನ್‌ಲೈನ್ ರಿವ್ಯೂಗಳಿಗೆ ಐಎಸ್ 19000 ಎಂಬ ಭಾರತೀಯ ಮಾನದಂಡ 2022ರಲ್ಲೇ ಬಂತು. ಪಾಲಿಸುವುದು ಅವರವರ ಇಷ್ಟ ಎಂಬ ಷರತ್ತಿನೊಂದಿಗೆ.

ನಗು ನಿಲ್ಲುವುದು ಎಲ್ಲಿ ಗೊತ್ತಾ? ನಮ್ಮ ಬೀದಿಯ ಹುಡುಗನೊಬ್ಬ ಮೊದಲ ಸಂಬಳ ಕೂಡಿಟ್ಟು ಒಂದು ಮಾನಿಟರ್ ತಂದ. ಎರಡನೇ ವಾರಕ್ಕೆ ನಟ್ಟನಡುವೆ ಎರಡು ಕಪ್ಪು ಚುಕ್ಕಿ. ಫೋನ್ ಮಾಡಿದರೆ "ಎರಡೇ ತಾನೇ ಸಾರ್, ಐದು ಆದ್ರೆ ಚೇಂಜ್ ಮಾಡ್ಕೊಡ್ತೀವಿ" ಎಂಬ ಉತ್ತರ. ಫುಲ್ ಎಚ್‌ಡಿಯಲ್ಲಿ 20,73,600 ಪಿಕ್ಸೆಲ್ ಇರುತ್ತದೆ, ಅದರಲ್ಲಿ ಎರಡು ಏನು ಮಹಾ ಎಂಬ ವಾದ. ಪಿಕ್ಸೆಲ್ ದೋಷಕ್ಕೂ ಐಎಸ್‌ಒ 9241 ಎಂಬ ಅಂತರರಾಷ್ಟ್ರೀಯ ಮಾನದಂಡದಲ್ಲಿ ದರ್ಜೆಗಳಿವೆ. ತಮ್ಮದು ಯಾವ ದರ್ಜೆ ಎಂದು ಡಬ್ಬಿಯ ಮೇಲೆ ಯಾಕೆ ಬರೆಯುವುದಿಲ್ಲ? ಹತ್ತು ಕೋಟಿ ಬರೆಯಲು ಜಾಗ ಇದೆ, "ನಾಲ್ಕು ಚುಕ್ಕಿ ಸತ್ತರೂ ನಾವು ಕೇರ್ ಮಾಡಲ್ಲ" ಎಂದು ಬರೆಯಲು ಜಾಗ ಇಲ್ಲವಾ? ಸುಳ್ಳು ಎಂದು ಕೇಸ್ ಹಾಕೋಣವೆಂದರೆ ಪ್ರತಿ ಅಂಕಿಯ ನೆತ್ತಿಗೂ ಒಂದು ನಕ್ಷತ್ರ, ಅದರ ಅರ್ಥ ಇರುವೆ ಅಕ್ಷರದಲ್ಲಿ ತಳಕ್ಕೆ. ಸಾಕಾಗಿದೆ. ಅವನು ಕೊಟ್ಟ ನೋಟಿನಲ್ಲಿ ಎರಡು ಅಂಕಿ ಅಳಿಸಿದ್ದರೆ ತಗೊಳ್ಳುತ್ತಿದ್ದರಾ ಇವರು?

ಕೊನೆಗೆ ಸರ್ವಿಸ್ ಸೆಂಟರಿನವರೇ ಒಂದು ಉಪಾಯ ಹೇಳಿದರಂತೆ. "ಆ ಜಾಗಕ್ಕೆ ಯಾವ್ದಾದ್ರೂ ಐಕಾನ್ ಎಳ್ಕೊಂಡು ಇಟ್ಕೊಳ್ಳಿ ಸಾರ್, ಗೊತ್ತಾಗಲ್ಲ." ಹುಡುಗ ರೀಸೈಕಲ್ ಬಿನ್ ಇಟ್ಟಿದ್ದಾನೆ.