ಡೌನ್ ಮಾಡಿ ಬಂದವರು

ಮುಂಬಯಿ ಹೊರವಲಯದ ಡೊಂಬಿವಲಿಗೆ ಬೆಳಿಗ್ಗೆ ಖಾಲಿ ಗಾಡಿ ಬರುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮುಂಬಯಿಯ ಕೊನೆಯ ಸ್ಟೇಷನ್ ಸಿಎಸ್‌ಎಂಟಿಯಿಂದ ಬಂದು ಇಲ್ಲೇ ತಿರುಗುವ ಲೋಕಲ್ ಪ್ಲಾಟ್‌ಫಾರ್ಮಿಗೆ ನುಗ್ಗುವಾಗಲೇ ಕಿಟಕಿ ಸೀಟುಗಳೆಲ್ಲ ಭರ್ತಿ. ಕೂತವರು ಇಳಿಯುವ ಜನವಲ್ಲ, ‘ಡೌನ್ ಮಾಡಿ’ ಬಂದವರು. ಅಂದರೆ ಮುಂಬಯಿಗೆ ಹೋಗಬೇಕಾದ, ನಡುವಿನ ಸ್ಟೇಷನ್ನುಗಳಾದ ದಿವಾ, ಕೋಪರ್ ಮಂದಿ ಉಲ್ಟಾ ಬಂದು ಸೀಟು ಹಿಡಿದಿದ್ದಾರೆ.

ರೈಲ್ವೆ ಲೆಕ್ಕದಲ್ಲಿ ಸಿಎಸ್‌ಎಂಟಿ, ಚರ್ಚ್‌ಗೇಟ್ ಕಡೆ ಹೋದರೆ ಅಪ್, ಅಲ್ಲಿಂದ ಹೊರಟರೆ ಡೌನ್. ಲಂಡನ್ ಕಡೆ ಹೋಗುವುದೆಲ್ಲ ಅಪ್ ಅಂದುಕೊಂಡಿದ್ದ ಬ್ರಿಟಿಷರ ಬಳುವಳಿ ಇದು. ಏರಿಗೂ ಇಳಿಜಾರಿಗೂ ಇಲ್ಲಿ ಮರ್ಯಾದೆಯಿಲ್ಲ. ಪುಣೆಯ ‘ಡೌನ್’ ಗಾಡಿ ಕರ್ಜತ್‌ನಲ್ಲಿ ನಿಂತು, ಹಿಂದಿನಿಂದ ನೂಕಲು ಬ್ಯಾಂಕರ್ ಇಂಜಿನ್ ಕಟ್ಟಿಸಿಕೊಂಡು, 37 ಅಡಿಗೆ 1 ಅಡಿಯಷ್ಟು ಏರಿರುವ ಬೋರ್‌ಘಾಟ್ ಹತ್ತುತ್ತದೆ. 28 ಕಿ.ಮೀ. ಏದುಸಿರು ಬಿಟ್ಟು ಲೋಣಾವಳಾ ಮುಟ್ಟಿದರೂ ಅದು ಡೌನೇ! ಬೆಂಗಳೂರಿಗೆ ಹೋಗುವ ಉದ್ಯಾನ್ ಎಕ್ಸ್‌ಪ್ರೆಸ್ ಕೂಡ ಡೌನ್, ನಂಬರು 11301. ಮರಳಿ ಬರುವುದು 11302. ಬೆಸ ಸಂಖ್ಯೆಯ ಗಾಡಿ ಊರಿಗೆ, ಸಮಸಂಖ್ಯೆಯದು ಡ್ಯೂಟಿಗೆ. ದಾದರಿನಲ್ಲಿ ಬೆಸ ಸಂಖ್ಯೆಯ ಗಾಡಿ ಹೊರಡುವುದನ್ನು ನೋಡುತ್ತ ನಿಂತರೆ ಹೊಟ್ಟೆಯೊಳಗೆ ಏನೋ ಕಲಕಿದ ಹಾಗಾಗುತ್ತದೆ.

ಬ್ಯಾಂಕಿನ ಡೌನ್ ಬೇರೆ. ಅಲ್ಲಿ ಸರ್ವರ್ ಡೌನ್ ಅಂದರೆ ಡಬ್ಬಿ ಬಿಚ್ಚುವ ಹೊತ್ತಾಯಿತು ಅಂತ.

ಲೋಕಲ್ಲಿನಲ್ಲಿ ಡೌನ್ ಮಾಡಿ ಬರುವ ರಾಯರ ವಿಚಾರ ಮುಗಿಯಲಿಲ್ಲ. ಕೋಪರಿನಲ್ಲಿ ಹತ್ತಿ, ಒಂದೇ ಸ್ಟೇಷನ್ ದಾಟುವಷ್ಟರಲ್ಲಿ ಇವರಿಗೆ ಗಾಢ ನಿದ್ದೆ. ಪಕ್ಕದ ಸೀಟಿನ ಮೇಲೆ ಕರವಸ್ತ್ರ, ಎದುರಿನದರ ಮೇಲೆ ಪೇಪರ್. “ಇಲ್ಲಿ ಯಾರು?” ಅಂದರೆ ಕಣ್ಣು ಮುಚ್ಚಿಕೊಂಡೇ “ಆ ರಹಾ ಹೈ” ಅನ್ನುತ್ತಾರೆ. ಆ ಬರುವ ಮಹಾಶಯ ಹತ್ತುವುದು ಠಾಣೆಯಲ್ಲಿ! ಅಲ್ಲಿಯವರೆಗೆ ಕರವಸ್ತ್ರ ಆರಾಮಾಗಿ ಕೂತು ಬರುತ್ತದೆ, ಡೊಂಬಿವಲಿಯವರು ನಿಂತು ಬರುತ್ತಾರೆ. ಮೂವರ ಸೀಟಿನಲ್ಲಿ ನಾಲ್ಕನೆಯವರಾಗಿ ಅರ್ಧ ತೊಡೆ ಊರಲು ಹೋದರೆ ರಾಯರಿಗೆ ತಟ್ಟನೆ ಎಚ್ಚರ.

ಒಂದು ಮಾತು: ಕೋಪರ್–ಸಿಎಸ್‌ಎಂಟಿ ಪಾಸು ಈ ಸವಾರಿಗೆ ಸಾಲದು. ಪಾಸು ಡೊಂಬಿವಲಿಯಿಂದಲೇ ಇರಬೇಕು, ಇಲ್ಲವಾದರೆ ಟಿಸಿ ಕಣ್ಣಿಗೆ ಅದು ಬಿಟ್ಟಿ ಪ್ರಯಾಣ. ಟಿಸಿಯೂ ಆ ಗರ್ದಿಯೊಳಗೆ ತೂರಬೇಕಲ್ಲ!

ಡೊಂಬಿವಲಿಯವರೇನು ಸಾಧುಗಳಲ್ಲ. ಅವರು ಕಲ್ಯಾಣಕ್ಕೆ ಡೌನ್ ಮಾಡುತ್ತಾರೆ, ಕಲ್ಯಾಣದವರು ಬಯ್ಯುತ್ತಾರೆ. ಅಂಬರ್‌ನಾಥದವರು ಬದಲಾಪುರಕ್ಕೆ ಹೋಗಿ ಅಲ್ಲಿಯವರ ಕೈಲಿ ಬೈಸಿಕೊಳ್ಳುತ್ತಾರೆ. ಕಸಾರಾದವರಿಗೆ ಮಾತ್ರ ಡೌನ್ ಮಾಡುವ ಭಾಗ್ಯವಿಲ್ಲ, ಅಲ್ಲಿಂದಾಚೆ ಲೋಕಲ್ಲೇ ಇಲ್ಲ.