ಕೊಡದ ಲೆಕ್ಕ

ನಮ್ಮ ಹಿತ್ತಲು ಸಮತಟ್ಟಾಗಿದೆ ಎಂದು ಹದಿನೆಂಟು ವರ್ಷ ನಂಬಿಕೊಂಡಿದ್ದೆ. ಹೋದ ಏಪ್ರಿಲ್‌ನಲ್ಲಿ ನೀರು ಬಂದು ಅದನ್ನು ಸುಳ್ಳು ಮಾಡಿತು.

ಬೆಂಗಳೂರಿನಿಂದ ತಮ್ಮನ ಮಕ್ಕಳು ರಜೆಗೆ ದಾವಣಗೆರೆಗೆ ಬಂದಿದ್ದರು. ಅವರ ಹಿಂದೆಯೇ ಒಂದು ರಟ್ಟಿನ ಡಬ್ಬಿಯೂ ಬಂತು. ಒಳಗೆ ಪೂಲ್. ಹತ್ತು ಅಡಿ ಅಗಲ, ಎರಡೂವರೆ ಅಡಿ ಎತ್ತರ. ಬಿಚ್ಚಿ ಹರವಿದರೆ ದಪ್ಪ ತಾಡಪಾಲಿನ ಹಾಗೆ ಬಿದ್ದುಕೊಂಡಿತು. ಕಂಬವಿಲ್ಲ, ಸರಳಿಲ್ಲ. ಮೇಲಂಚಿನಲ್ಲಿ ಒಂದು ಉಂಗುರ, ಅದಕ್ಕೆ ಗಾಳಿ ತುಂಬಬೇಕು, ಅಷ್ಟೇ. ನೀರು ಬಿಟ್ಟಂತೆಲ್ಲ ಉಂಗುರ ತೇಲಿ ಮೇಲೇಳುತ್ತದೆ, ಅದರ ಜೊತೆ ಗೋಡೆಯೂ ಏಳುತ್ತದೆ. ತನ್ನ ಗೋಡೆಯನ್ನು ನೀರು ತಾನೇ ಕಟ್ಟಿಕೊಳ್ಳುವುದನ್ನು ನಾನು ನೋಡಿದ್ದು ಅದೇ ಮೊದಲು.

ಮಕ್ಕಳಿಗೆ ತಾರಸಿ ಮೇಲೆ ಬೇಕಿತ್ತು. ಗಾಳಿ ಬರುತ್ತದೆ, ಪಕ್ಕದ ಮನೆಯವರಿಗೂ ಕಾಣುತ್ತದೆ! ಆದರೆ ಎರಡು ಅಡಿ ನೀರು ನಿಂತರೆ ಚದರ ಮೀಟರಿಗೆ 600 ಕೆಜಿ ಭಾರ. ಜನ ಓಡಾಡುವ ತಾರಸಿಗೆ ಇಂಜಿನಿಯರುಗಳು ಹಿಡಿಯುವ ಲೆಕ್ಕ 150 ಕೆಜಿ. ಪೂಲಿನ ಸಮೇತ ಅಡುಗೆಮನೆಗೆ ಇಳಿಯುವುದು ಬೇಡ ಎಂದು ಹಿತ್ತಲಿಗೇ ಬಂದೆವು.

ಅಲ್ಲಿ ಅವ್ವ ಕಾಯುತ್ತಿದ್ದಳು. "ಎಷ್ಟು ನೀರು ಹಿಡಿತತಿ ಇದು?"

"3,800 ಲೀಟರ್."

"ಕೊಡದ ಲೆಕ್ಕದಾಗ ಹೇಳು."

ಪ್ಲಾಸ್ಟಿಕ್ ಕೊಡ ಒಂದಕ್ಕೆ 15 ಲೀಟರ್ ಹಿಡಿದೆ. 250 ದಾಟಿತು. ಅವ್ವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅವಳ ಕಾಲದಲ್ಲಿ ದಿನಕ್ಕೆ ಹತ್ತು ಕೊಡ ಹೊರುತ್ತಿದ್ದಳು. "ನನ್ನ ಇಪ್ಪತ್ತೈದು ದಿನ" ಎಂದಳು. ಬೈದಿದ್ದರೇ ಚೆನ್ನಾಗಿತ್ತು.

ಅದರ ಮೇಲೆ ತಮ್ಮನ ಮಗಳು ಬೇರೆ. "ದೊಡ್ಡಪ್ಪ, ನಮ್ಮೂರಲ್ಲಿ ಇದಕ್ಕೆ ಫೈನ್ ಹಾಕಿದ್ರು!" ಹೌದು, 2024ರ ಬೇಸಿಗೆಯಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಈಜುಕೊಳಕ್ಕೆ ಬಿಟ್ಟರೆ 5,000 ರೂಪಾಯಿ ದಂಡ ಎಂದಿತ್ತು. ನಮ್ಮದು ಬೋರಿನ ಗಡಸು ನೀರು, ಯಾರೂ ಕುಡಿಯುವುದಿಲ್ಲ ಎಂದು ಸಮಾಧಾನ ಹೇಳಿದೆ. ಅವಳಿಗಿಂತ ಜಾಸ್ತಿ ನನಗೇ ಹೇಳಿಕೊಂಡೆ. ಕೊನೆಗೆ ಅವ್ವನ ಜೊತೆ ಒಪ್ಪಂದವಾಯಿತು: ಒಂದು ಹನಿಯೂ ಚರಂಡಿಗೆ ಹೋಗಬಾರದು, ಎಲ್ಲ ತೆಂಗು, ಬಾಳೆಗೆ.

ನೆಲ ಗುಡಿಸಿ, ಮೊಣಕಾಲೂರಿ ನೆಗ್ಗಿಲು ಮುಳ್ಳು ಆರಿಸಿದೆವು. ಒಂದೊಂದಕ್ಕೂ ಎರಡು ಕೊಂಬು. ಹೇಗೆ ಬಿದ್ದರೂ ಒಂದು ಮೊನೆ ಮೇಲಕ್ಕೇ ಇರುತ್ತದೆ. ಕಣ್ಣಳತೆಯಲ್ಲಿ ನೆಲ ಸಮ ಇದೆ ಎಂದು ಪೈಪು ಬಿಟ್ಟೆ. ಎರಡು ಗಂಟೆ ಕಳೆಯುವಷ್ಟರಲ್ಲಿ ನೀರು ಬಚ್ಚಲ ಕಡೆ ವಾಲಿತು. ಆ ಕಡೆಯ ಗೋಡೆ ಊಟವಾದ ಮೇಲಿನ ಹೊಟ್ಟೆಯ ಹಾಗೆ ಮುಂದೆ ಬಂತು. ಉಂಗುರ ಬಗ್ಗಿತು. ಆಮೇಲೆ ಮಕ್ಕಳ ಚಪ್ಪಲಿ, ಅವ್ವನ ಸೌದೆ, ನಾನು, ಎಲ್ಲ ಒಂದೇ ದಿಕ್ಕಿಗೆ.

ಎದುರುಮನೆಯ ಮೇಸ್ತ್ರಿ ಗಲಾಟೆ ಕೇಳಿ ಬಂದರು. ಕೈಯಲ್ಲಿ ಮಟ್ಟ ನೋಡುವ, ನೀರು ತುಂಬಿದ ಟ್ಯೂಬು. ಒಂದು ತುದಿ ನಾನು ಹಿಡಿದೆ, ಇನ್ನೊಂದು ಅವರು. ಹತ್ತು ಅಡಿಗೆ ಮೂರು ಇಂಚು ಇಳಿಜಾರು! ಬಚ್ಚಲ ನೀರು ಹರಿಯಲಿ ಎಂದು ಮನೆ ಕಟ್ಟುವಾಗ ನಾನೇ ಮಾಡಿಸಿದ್ದಂತೆ. ತಗ್ಗಿಗೆ ಮಣ್ಣು ಹಾಕಲು ಹೋದೆ. "ತಗ್ಗು ತುಂಬಬ್ಯಾಡ್ರಿ, ಏರು ಕೆತ್ರಿ" ಎಂದರು. ತುಂಬಿದ ಮಣ್ಣು ನಾಲ್ಕು ಟನ್ನಿನ ಅಡಿಯಲ್ಲಿ ಕುಸಿಯುತ್ತದೆ, ಕೆತ್ತಿದ ನೆಲ ಕುಸಿಯುವುದಿಲ್ಲ. ಒಂದು ದಿನ ಪೂರ್ತಿ ಕೆತ್ತಿದೆವು.

ಆಮೇಲಿನ ಹತ್ತು ದಿನ ಮಕ್ಕಳು ನೀರಿನಿಂದ ಏಳಲಿಲ್ಲ. ಅವರು ಇಳಿದಿದ್ದಷ್ಟು ಹೊತ್ತೂ ದೊಡ್ಡವರೊಬ್ಬರು ಪಕ್ಕದಲ್ಲೇ ಕೂರಬೇಕು. ಎರಡು ಅಡಿ ನೀರನ್ನೂ ನಂಬುವ ಹಾಗಿಲ್ಲ. ಆ ಕೆಲಸ ಅವ್ವ ತಗೊಂಡಳು. ಮೊದಲ ದಿನ ದೂರದಲ್ಲಿ ಕುರ್ಚಿ. ಮೂರನೇ ದಿನ ಹತ್ತಿರ. ಆಮೇಲೆ ಸೀರೆ ಮೊಣಕಾಲಿಗೆ ಎತ್ತಿ, ಕುರ್ಚಿಯೇ ಒಳಗೆ.

ಬೆಳಿಗ್ಗೆ ಎದ್ದ ಕೂಡಲೇ ಬೆರಳಿಟ್ಟು ನೀರು ಅಳೆಯುವುದೂ ಅವಳೇ. ಅಷ್ಟು ಅಗಲದ ಪೂಲಿನಲ್ಲಿ ಒಂದು ಬೆರಳು ನೀರು ಇಳಿದರೆ ಎಂಟೊಂಬತ್ತು ಕೊಡ ಹೋದಂತೆ. ಮೊದಮೊದಲು ದಿನಕ್ಕೆ ಅರ್ಧ ಬೆರಳು ಇಳಿಯುತ್ತಿತ್ತು. ಬಿಸಿಲು, ಹುಡುಗರ ಕುಣಿತ, ಸರಿ. ಏಳನೇ ದಿನದಿಂದ ಒಂದೂವರೆ ಬೆರಳು. "ಎಲ್ಲೋ ಸೋರತೈತಿ" ಎಂದಳು. ನಾನು ಆವಿ ಎಂದೆ.

ರಜೆ ಮುಗಿಯಿತು. ಬ್ಲೀಚಿಂಗ್ ಪೌಡರ್ ಹಾಕುವುದನ್ನು ಮೂರು ದಿನ ಮೊದಲೇ ನಿಲ್ಲಿಸಿ, ಬಿಸಿಲಿಗೆ ಕ್ಲೋರಿನ್ ಹೋಗಲು ಬಿಟ್ಟು, ಪೈಪಿನಲ್ಲಿ ನೀರು ಎಳೆದು ತೆಂಗಿನ ಪಾತಿಗೆ ಬಿಟ್ಟೆ. ತಳ ಕಂಡಿತು. ನಡುವೆ ಹಳದಿ ಹಸಿರಿನ ಒಂದು ಸೂಜಿ ನೆಟ್ಟಗೆ ನಿಂತಿತ್ತು. ಜೇಕು ಹುಲ್ಲು! ಮುಳ್ಳನ್ನೇನೋ ಆರಿಸಿದ್ದೆವು, ನೆಲದೊಳಗಿನ ಇದರ ಗಡ್ಡೆ ನೆನಪಾಗಿರಲಿಲ್ಲ. ಕತ್ತಲಲ್ಲಿ, ಅಷ್ಟು ಭಾರದ ಅಡಿಯಿಂದ, ಪ್ಲಾಸ್ಟಿಕ್ ತೂತು ಮಾಡಿಕೊಂಡು ಮೊಳಕೆ ಬಂದಿತ್ತು. ಅವ್ವ ನನ್ನ ಕಡೆ ನೋಡಿದಳು. ಆವಿ ಎಂಬ ಮಾತು ನಾನು ಮತ್ತೆ ಆಡಲಿಲ್ಲ.

ಪೈಪಿಗೆ ಸಿಗದ ನೀರು ಇನ್ನೂ ಪ್ಲಾಸ್ಟಿಕ್ಕಿನ ಸುಕ್ಕುಗಳಲ್ಲಿ ಉಳಿದಿತ್ತು. ಹೋಗಲಿ ಬಿಡು ಎಂದೆ. ಅವಳು ತಂಬಿಗೆ ತಂದು, ಬಗ್ಗಿ, ಒಂದೊಂದೇ ತುಂಬಿ ಬಾಳೆ ಬುಡಕ್ಕೆ ಸುರಿದಳು.

"ಎಷ್ಟಾತವ್ವ?"

"ಮೂರು ಕೊಡ."